ಉಳಿದಿದ್ದು ಏಳು ಬಾಟಲಿ

ಮೂಗು ಹೋಗಿದೆ ಎಂದು ನನಗೆ ತಿಳಿದದ್ದು ಸೀದ ಹಾಲಿನಿಂದ. ಮದರಾಸಿಗೆ ಮಳೆ ಕೈಕೊಟ್ಟು, ಲಾರಿ ನೀರಿಗಾಗಿ ಬೀದಿಬೀದಿಯಲ್ಲೂ ಪ್ಲಾಸ್ಟಿಕ್ ಕೊಡಗಳ ಸಾಲು ನಿಂತಿದ್ದ ವರ್ಷ ಅದು. ನಾನು ಹತ್ತು ದಿನ ಜ್ವರ, ನೆಗಡಿಯಲ್ಲಿ ಮಲಗಿ ಎದ್ದಿದ್ದೆ. ಪೆರಂಬೂರಿನ ನಮ್ಮ ಬಾಡಿಗೆ ಮನೆಯ ಕೆಳಗೆ ಲಾರಿ ಹಾರ್ನ್ ಹೊಡೆದದ್ದೇ ತಡ, ಹೆಂಡತಿ ಎರಡು ಕೊಡ ಹಿಡಿದು ಓಡಿದಳು. ಹಾಲು ಒಲೆಯ ಮೇಲಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ಅವಳು ತುಂಬಿದ ಕೊಡದೊಂದಿಗೆ ಹತ್ತಿ ಬರುತ್ತಾ ಮೆಟ್ಟಿಲಿನಿಂದಲೇ ಕೂಗಿದಳು.

"ಏನ್ರೀ ಅದು, ಬೀದಿವರ್ಗೂ ಸೀದ ವಾಸ್ನೆ ಬರ್ತಾ ಇದೆ! ಪಕ್ಕದಲ್ಲೇ ಕೂತಿದೀರಲ್ಲ, ಮೂಗಿಲ್ವಾ ನಿಮ್ಗೆ?"

ನಾನು ತಲೆಯೆತ್ತಿ ನೋಡಿದೆ. ಪಾತ್ರೆ ಕರ್ರಗಾಗಿ ಹೊಗೆಯಾಡುತ್ತಿತ್ತು. ಎದ್ದು ಅದರ ಮೇಲೆ ಬಗ್ಗಿ ಉಸಿರೆಳೆದೆ. ಬಿಸಿ ತಗುಲಿತು, ಅಷ್ಟೇ.

ಆ ಮೂಗೇ ನಮಗೆ ಅನ್ನ ಹಾಕುತ್ತಿತ್ತು. ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಯಲ್ಲಿದ್ದ ಒಂದು ಕಾಫಿಪುಡಿ ಕಂಪನಿಯಲ್ಲಿ ನಾನು ರುಚಿ ನೋಡುವವನಾಗಿದ್ದೆ. ಕೊಡಗು, ಚಿಕ್ಕಮಗಳೂರಿನಿಂದ ಬಂದ ಬೀಜದ ಸ್ಯಾಂಪಲ್ಲುಗಳನ್ನು ಹುರಿದು, ಪುಡಿ ಮಾಡಿ, ಕುದಿನೀರು ಹೊಯ್ದು, ಚಮಚದಲ್ಲಿ ಸೊರ್ರನೆ ಎಳೆದು, ಬಾಯೆಲ್ಲ ಆಡಿಸಿ ಉಗಿಯುವುದು ನನ್ನ ಕೆಲಸ. ಯಾವ ಮೂಟೆ ಕೊಳ್ಳಬೇಕು, ಯಾವುದು ಬೇಡ ಎಂಬುದರಲ್ಲಿ ನನ್ನದೇ ಕೊನೆಯ ಮಾತು. ಇದು ನಾಲಿಗೆಯ ಕೆಲಸ ಎಂದು ಜನ ತಿಳಿಯುತ್ತಾರೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಅಷ್ಟೇ. ಮಿಕ್ಕಿದ್ದೆಲ್ಲ ಮೂಗಿನದು.

ಕೆಲಸದಲ್ಲಿ ಉಗಿಯುವ ನನಗೆ ನುಂಗುವ ಹವ್ಯಾಸವೊಂದಿತ್ತು: ಏಲ್ ಎಂಬ ಇಂಗ್ಲೆಂಡಿನ ಬಿಯರು. ನಮ್ಮ ಅಂಗಡಿಗಳ ಬಿಯರಿನ ಹಾಗೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕುಡಿಯುವ ಪಾನೀಯವಲ್ಲ ಅದು. ತಳದಲ್ಲಿ ಗಷ್ಟು ಇರುತ್ತದೆ, ಅಲುಗಾಡಿಸದೆ ಮೆಲ್ಲಗೆ ಬಗ್ಗಿಸಿಕೊಳ್ಳಬೇಕು, ಮೂಗಿಟ್ಟು ಕುಡಿಯಬೇಕು. ಇದನ್ನು ನನಗೆ ಹಿಡಿಸಿದವನು ಪುರಸೈವಾಕ್ಕಂನಲ್ಲಿ ಸಸ್ಯಾಹಾರಿ ಹೋಟೆಲ್ ಇಟ್ಟಿದ್ದ ಉಡುಪಿ ಕಡೆಯವರ ತಮ್ಮ. ಅಣ್ಣ ಇಡ್ಲಿ ಬೇಯಿಸುತ್ತಿದ್ದರೆ ತಮ್ಮ ಸರಕು ಹಡಗಿನಲ್ಲಿ ಅಡುಗೆಯವನು. ಹಡಗು ಇಲ್ಲಿಯ ಬಂದರಿಗೆ ಬಂದಾಗಲೆಲ್ಲ ನನಗೆ ಬಾಟಲಿ ತಂದುಕೊಡುತ್ತಿದ್ದ. ಪ್ರತಿ ಬಗೆಯದೂ ಜೋಡಿ ಬೇಕು ಎಂದು ನನ್ನ ಹಟ. ಒಂದನ್ನು ಆಗಲೇ ಕುಡಿದು ಅಂಕ ಕೊಡುವುದು, ಇನ್ನೊಂದನ್ನು ವರ್ಷವಿಟ್ಟು ಮತ್ತೆ ನೋಡುವುದು. ಕುಡಿದ ಬಾಟಲಿಯ ಲೇಬಲ್ಲನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ನೋಟ್‌ಬುಕ್ಕಿನಲ್ಲಿ ಅಂಟಿಸಿ, ಪಕ್ಕದಲ್ಲಿ ಬರೆಯುತ್ತಿದ್ದೆ. ಮೂಗಿಗೆ ಮೂರು, ನಾಲಿಗೆಗೆ ನಾಲ್ಕು, ನುಂಗಿದ ಮೇಲೆ ಉಳಿಯುವುದಕ್ಕೆ ಮೂರು, ಒಟ್ಟು ಹತ್ತು. ಎಂಟರ ಮೇಲೆ ಯಾವುದಕ್ಕೂ ಕೊಟ್ಟವನಲ್ಲ.

"ಎಂತ ಮಾರಾಯ್ರೆ, ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿದ ಹಾಗೆ ತಿದ್ತೀರಿ! ಕುಡಿದು ಖುಷಿ ಆದ್ರೆ ಸಾಕಲ್ಲ?" ಎಂದು ಅವನು ನಗುತ್ತಿದ್ದ. ಹೆಂಡತಿ ಅದನ್ನು ಇಂಗ್ಲಿಷರ ಗಂಜಿ ಎಂದು ಕರೆಯುತ್ತಿದ್ದಳು. ತೊಟ್ಟೂ ಮುಟ್ಟಿದವಳಲ್ಲ.

ಆಮೇಲೆ ಅವನು ಹಡಗಿನ ಕೆಲಸ ಬಿಟ್ಟು ಊರಿಗೆ ಹೋದ. ಬಾಟಲಿ ಬರುವುದು ನಿಂತಿತು. ನನಗೆ ಜ್ವರ ಬರುವ ಹೊತ್ತಿಗೆ ಮನೆಯಲ್ಲಿ ಉಳಿದಿದ್ದದ್ದು ಏಳು. ಏಳೂ ಜೋಡಿ ಕಳೆದುಕೊಂಡವು, ಏಳರ ಪುಟಗಳೂ ನೋಟ್‌ಬುಕ್ಕಿನಲ್ಲಿದ್ದವು. ಮದರಾಸಿನ ಸೆಕೆಗೆ ಕೆಡದಿರಲಿ ಎಂದು ಮಂಚದ ಕೆಳಗೆ ಅಗಲ ಬಾಯಿಯ ಮಣ್ಣಿನ ಬಾನಿಯಲ್ಲಿ ನಾಲ್ಕು ಬೆರಳು ನೀರು ಬಿಟ್ಟು, ಅದರಲ್ಲಿ ನಿಲ್ಲಿಸಿದ್ದೆ. ಮೇಲೆ ಒದ್ದೆ ಗೋಣಿ.

"ನಮಗೆ ಮುಖ ತೊಳೆಯೋಕೆ ನೀರಿಲ್ಲ, ನಿಮ್ಮ ಬಾಟ್ಲಿಗಳಿಗೆ ದಿನಾ ಸ್ನಾನ," ಎಂದು ಗೊಣಗುತ್ತಾ ಅವಳೇ ನೀರು ಬದಲಿಸುತ್ತಿದ್ದಳು.

ಇ.ಎನ್.ಟಿ. ಡಾಕ್ಟರು ಮೂಗಿನೊಳಗೆ ಟಾರ್ಚ್ ಬಿಟ್ಟು ನೋಡಿ, ಜ್ವರದ ವೈರಸ್ಸು ವಾಸನೆಯ ನರಕ್ಕೆ ಹೊಡೆದಿದೆ ಎಂದರು. ಕೆಲವರಿಗೆ ವಾರದಲ್ಲಿ ಬರುತ್ತದೆ, ಕೆಲವರಿಗೆ ವರ್ಷ ಬೇಕು, ಕೆಲವರಿಗೆ ಬರುವುದೇ ಇಲ್ಲವಂತೆ. ಆಗ ದೀಪಾವಳಿ ಮುಗಿದಿತ್ತು. ಸಂಕ್ರಾಂತಿ ಕಳೆದ ಕೂಡಲೇ ಹೊಸ ಫಸಲಿನ ಸ್ಯಾಂಪಲ್ಲುಗಳು ಬಂದು ಬೀಳುತ್ತವೆ. ವರ್ಷಕ್ಕಾಗುವಷ್ಟು ಬೀಜವನ್ನು ನಾನು ಆರಿಸಿಕೊಡಬೇಕು. ಅಷ್ಟರೊಳಗೆ ಮೂಗು ಬರಲೇಬೇಕು. ಕಂಪನಿಯಲ್ಲಿ ಯಾರಿಗೂ ಹೇಳಲಿಲ್ಲ. ಹಳೆಯ ದಾಸ್ತಾನನ್ನು ಬೀಜದ ಬಣ್ಣ, ಗಾತ್ರ ನೋಡಿ, ತೋಟದ ಹೆಸರು ನೋಡಿ ದಾಟಿಸುತ್ತಿದ್ದೆ. ಚಮಚ ಬಾಯಿಗಿಟ್ಟಾಗೆಲ್ಲ ಬರೀ ಕಹಿ ಬಿಸಿನೀರು. ಆದರೂ ಹುಬ್ಬು ಗಂಟಿಕ್ಕಿ ಯೋಚಿಸುವವನ ಹಾಗೆ ನಟಿಸುತ್ತಿದ್ದೆ.

ಮನೆಯಲ್ಲಿ ನನ್ನ ಹುಚ್ಚಾಟ ಹೇಳತೀರದು. ಇಂಗಿನ ಡಬ್ಬಿಗೆ ಮೂಗಿಟ್ಟೆ, ನುಸಿಗುಳಿಗೆ ಮೂಸಿದೆ, ಮೀನಿನ ಮಾರ್ಕೆಟ್ಟಿನ ನಡುವೆ ಕಣ್ಣು ಮುಚ್ಚಿ ನಿಂತೆ. ಒಂದು ದಿನ ಕರ್ಪೂರ ಹಚ್ಚಿ ತೀರ ಹತ್ತಿರ ಹಿಡಿದು ಮೀಸೆ ಸುಟ್ಟುಕೊಂಡೆ. ಸುಟ್ಟ ಕೂದಲಿನ ವಾಸನೆಯೂ ಬರಲಿಲ್ಲ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

ಇವುಗಳಲ್ಲಿ ಇನ್ನೊಂದು ತೊಡಕು. ಡಬ್ಬಿಯಲ್ಲಿ ಇಂಗಿದೆ ಎಂದು ಮೊದಲೇ ಗೊತ್ತಿದ್ದರೆ ಇಂಗಿನ ವಾಸನೆ ಬಂದ ಹಾಗೇ ಅನಿಸುತ್ತದೆ. ಕಾಫಿಯಿಂದಲೂ ಪರೀಕ್ಷೆ ಆಗದು, ಒಂದು ಮೂಟೆಯ ಹಾಗೆ ಇನ್ನೊಂದು ಇರುವುದಿಲ್ಲ. ನನ್ನ ಮೂಗು ಗಟ್ಟಿಯಾಗಿದ್ದಾಗ ಹೇಳಿದ ತೀರ್ಪು ಕೈಬರಹದಲ್ಲಿದ್ದು, ಅದೇ ವಸ್ತು ಇನ್ನೂ ಮುಚ್ಚಳ ತೆಗೆಯದೆ ಉಳಿದಿದ್ದದ್ದು ಆ ಏಳರಲ್ಲಿ ಮಾತ್ರ. ಇವು ಸುಳ್ಳು ಹೇಳಲಾರವು ಎನಿಸಿತು. ಭಾನುವಾರಕ್ಕೊಂದರಂತೆ ತೆರೆಯುವುದು, ಯಾವುದೆಂದು ತಿಳಿಯದೆ ಕುಡಿದು ನೋಡಿ ಹೇಳುವುದು ಎಂದು ನಿಶ್ಚಯಿಸಿದೆ. ಸಂಕ್ರಾಂತಿಯೊಳಗೆ ಒಂದಾದರೂ ಹೊಂದಿದರೆ ನಾನು ಬದುಕಿದೆ.

ಹೆಂಡತಿಗೆ ಕೆಲಸ ಹೇಳಿದೆ. ನಾನಿಲ್ಲದಾಗ ಏಳರ ಲೇಬಲ್ಲೂ ನೆನೆಸಿ ಕಿತ್ತುಬಿಡು, ಮುಚ್ಚಳದ ಮೇಲೆ ಬರಹವಿಲ್ಲ, ಎಲ್ಲ ಒಂದೇ ಥರದ ಕಂದು ಬಾಟಲಿ. ಯಾವುದು ಯಾವುದೆಂದು ನಿನಗೆ ಮಾತ್ರ ತಿಳಿಯುವ ಹಾಗೆ, ನನ್ನ ಕಣ್ಣಿಗೆ ಬೀಳದಂತೆ ತಳದಲ್ಲಿ ಗುರುತು ಮಾಡು, ಮತ್ತೆ ತಂಪಿಗೆ ಇಡು. ನೋಟ್‌ಬುಕ್ಕು ನಿನ್ನ ಹತ್ತಿರವೇ ಇರಲಿ. ಅವಳು ತಲೆಯಾಡಿಸಿದಳು.

ಮೊದಲ ಭಾನುವಾರ, ಬೆಳಿಗ್ಗೆ ಹನ್ನೊಂದು. ಅವಳು ಅಡುಗೆಮನೆಯಲ್ಲಿ ಬಗ್ಗಿಸಿ, ಬಣ್ಣ ಕಾಣಬಾರದೆಂದು ಸ್ಟೀಲ್ ಲೋಟದಲ್ಲಿ ತಂದಳು. ಕಣ್ಣು ಮುಚ್ಚಿ ಮೂಗಿಟ್ಟೆ. ನೊರೆ ಮೂಗಿನ ತುದಿಗೆ ಹತ್ತಿತು, ವಾಸನೆ ಬರಲಿಲ್ಲ. ಕುಡಿದೆ. ಕಹಿ, ಸ್ವಲ್ಪ ಸಿಹಿ, ಚುರುಚುರು. ಕಹಿ ಜಾಸ್ತಿ ಇರುವುದು ಇಂಥದ್ದೇ ಇರಬೇಕೆಂದು ಲೆಕ್ಕ ಹಾಕಿ ಒಂದನ್ನು ಹೇಳಿದೆ. ಅವಳು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

"ಅಲ್ಲ ರೀ," ಅಂದಳು ಬಂದು. ಮುಖ ಕಿವುಚಿಕೊಂಡಿತ್ತು.

"ಒಂದು ಗುರುತು ನೋಡೋಕೆ ಇಷ್ಟು ಹೊತ್ತಾ ನಿಂಗೆ?" ಎಂದು ರೇಗಿದೆ. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಎರಡನೆಯದು, ಮೂರನೆಯದು, ನಾಲ್ಕನೆಯದು. ಅಲ್ಲ, ಅಲ್ಲ, ಅಲ್ಲ. ಪ್ರತಿ ಸಲವೂ ಅವಳು ಒಳಗೆ ತಡಮಾಡುತ್ತಿದ್ದಳು, ನಾನು ಹೊರಗಿನಿಂದ ಬೈಯುತ್ತಿದ್ದೆ. ವರ್ಷಗಟ್ಟಲೆ ಜೋಪಾನ ಮಾಡಿದ್ದ ಬಾಟಲಿಗಳು ಒಂದೊಂದೇ ನನ್ನ ಗಂಟಲಲ್ಲಿ ನೀರಾಗಿ ಇಳಿದುಹೋದವು. ಐದನೆಯದಕ್ಕೂ ಅವಳು ಅಲ್ಲ ಅಂದಾಗ ಲೋಟವನ್ನು ಗೋಡೆಗೆ ಬೀಸಿದೆ. ನೆಲದ ಮೇಲೆ ಕುಸಿದು ಕೂತು, ಇನ್ನು ನಾನಿದ್ದು ಏನು ಪ್ರಯೋಜನ, ಆ ರೈಲು ಹಳಿ ಹತ್ತಿರದಲ್ಲೇ ಇದೆಯಲ್ಲ ಎಂದೆ. ಅಂಥ ಮಾತನ್ನು ಅದಕ್ಕೆ ಮುಂಚೆ ಆಡಿದವನಲ್ಲ, ಆಗ ಮಾತ್ರ ಮನಸ್ಸಿನಿಂದಲೇ ಆಡಿದೆ. ಅವಳು ಬಟ್ಟೆ ತಂದು ಗೋಡೆ ಒರೆಸಿದಳು.

ಆರನೆಯ ಭಾನುವಾರ. ಲೋಟ ಮೂಗಿಗೆ ಹಿಡಿದೆ. ಏನೋ ಬಂದಂತಾಯಿತು. ಉಸಿರು ಬಿಗಿಹಿಡಿದೆ. ಮತ್ತೆ ಎಳೆದೆ. ಸುಟ್ಟ ಬೆಲ್ಲ! ಆಮೇಲೆ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ. ನಾನು ಹಿಂದೆ ಎಂಟು ಕೊಟ್ಟಿದ್ದ ಹಳೆಯ ಕಪ್ಪು ಏಲ್ ಅದು, ಬೇರೆ ಯಾವುದೂ ಆಗಿರಲು ಸಾಧ್ಯವೇ ಇಲ್ಲ.

"ಇದು ಆ ಎಂಟರದ್ದು ಕಣೇ! ಕಪ್ಪಗಿನದು! ಹೋಗಿ ನೋಡು, ಬೇಗ ನೋಡು!"

ಅವಳು ಒಳಗೆ ಹೋದಳು. ನಾನು ಬಾಗಿಲ ಕಡೆ ಮುಖ ಮಾಡಿ, ಎರಡೂ ಕೈ ಜೋಡಿಸಿಕೊಂಡು ನಿಂತಿದ್ದೆ. ಕಣ್ಣಲ್ಲಿ ಆಗಲೇ ನೀರು. ಅವಳು ಬಂದು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು.

"ಹೌದು ರೀ," ಅಂದಳು. "ಅದೇ."

ನಾನು ಅವಳನ್ನು ಎತ್ತಿ ತಿರುಗಿಸಿದೆ. ಆ ವಯಸ್ಸಿನಲ್ಲಿ, ಹಾಡಹಗಲಲ್ಲಿ, ಕಿಟಕಿ ತೆರೆದಿತ್ತು. ಅವಳು ಬಿಡ್ರೀ ಬಿಡ್ರೀ ಎನ್ನುತ್ತಾ ಅಳುತ್ತಿದ್ದಳು, ಸಂತೋಷಕ್ಕೆ ಎಂದು ತಿಳಿದೆ. ಏಳನೆಯ ಬಾಟಲಿ ತೆರೆಯುವ ಅಗತ್ಯವಿಲ್ಲ, ಅದು ಯುಗಾದಿಗೆ ಇರಲಿ ಎಂದೆ.

ಸಂಕ್ರಾಂತಿ ಕಳೆದು ಸ್ಯಾಂಪಲ್ಲುಗಳು ಬಂದವು. ಎರಡು ದಿನ ಕೂತು ಮೂವತ್ತಕ್ಕೂ ಹೆಚ್ಚು ಬಟ್ಟಲು ನೋಡಿದೆ. ವಾಸನೆ ಕೆಲವು ಸಲ ಬಂದಂತೆ, ಕೆಲವು ಸಲ ಇಲ್ಲದಂತೆ ಇತ್ತು. ಈಗಷ್ಟೇ ಬರುತ್ತಿದೆ, ಮಂಕಾಗಿರುವುದು ಸಹಜ ಎಂದು ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆ ಪಾಸಾಗಿದೆಯಲ್ಲ! ಆರಿಸಿ ಸಹಿ ಹಾಕಿದೆ. ಮೂಟೆಗಳು ಬಂದು ಉಗ್ರಾಣ ತುಂಬಿತು.

ಪುಡಿ ಅಂಗಡಿಗಳಿಗೆ ಹೋಗಿ ಎರಡು ವಾರವಾಗಿರಲಿಲ್ಲ, ಚೀಲಗಳು ವಾಪಸು ಬರತೊಡಗಿದವು. ಯಜಮಾನರು ನನ್ನನ್ನು ಕರೆದರು. ಅವರು ಮೆಲುದನಿಯ ತಮಿಳರು, ಇಷ್ಟು ವರ್ಷದಲ್ಲಿ ನನಗೆ ಒಂದು ಗಡುಸು ಮಾತು ಆಡಿದವರಲ್ಲ. ಮೇಜಿನ ಮೇಲೆ ಎರಡು ಲೋಟ ಕಾಫಿ ಇತ್ತು. ಒಂದನ್ನು ನನ್ನ ಕಡೆ ಸರಿಸಿ, ಹೇಗಿದೆ ಎಂದು ಕೇಳಿದರು.

"ಎಪ್ಪಡಿ ಇರುಕ್ಕು, ಸಾರ್?"

ಕುಡಿದೆ. ಬಾಯಲ್ಲಿ ಆಡಿಸಿದೆ. "ನಲ್ಲಾ ಇರುಕ್ಕು," ಚೆನ್ನಾಗಿದೆ ಅಂದೆ.

ಅವರು ತಮ್ಮ ಲೋಟವನ್ನು ಮೂಗಿನ ಹತ್ತಿರ ತಂದು, ಕುಡಿಯದೆ ಕೆಳಗಿಟ್ಟರು. ಬಾಗಿಲ ಹತ್ತಿರ ಕೂತಿದ್ದ ಗುಮಾಸ್ತ ಕರ್ಚೀಫು ಮೂಗಿಗೆ ಹಿಡಿದಿದ್ದ. ನೆನೆದ ಗೋಣಿಚೀಲದ ಮುಗ್ಗಲು ವಾಸನೆ ಎಂದು ಗಿರಾಕಿಗಳು ಹೇಳಿದ್ದಾರೆ ಎಂದು ಯಜಮಾನರು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ನನ್ನ ಮುಖ ನೋಡಲಿಲ್ಲ. ನಾಳೆ ಮಾತಾಡೋಣ ಎಂದರು. ಬಸ್ಸಿನಲ್ಲಿ ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ.

ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. "ಆ ಆರನೇ ಬಾಟ್ಲಿ ನಿಜವಾಗ್ಲೂ ಅದೇನಾ? ಗುರುತು ಸರಿಯಾಗಿ ನೋಡಿದ್ಯಾ?" ಎಂದೆ.

ಮೊರ ಪಕ್ಕಕ್ಕಿಟ್ಟಳು. "ಗುರುತೇ ಇರ್ಲಿಲ್ಲ ರೀ."

ಅವಳು ಗುರುತು ಮಾಡಿದ್ದು ಕುಂಕುಮದಲ್ಲಿ. ಹೊಸ ಡಬ್ಬಿ, ಗ್ಯಾಸ್ ಸಿಲಿಂಡರು, ಉಪ್ಪಿನಕಾಯಿ ಜಾಡಿ, ಮನೆಗೆ ಏನು ಬಂದರೂ ಬೊಟ್ಟಿಟ್ಟು ಒಳಗೆ ತರುವ ಕೈ ಅದು. ಒಂದು ಬಾಟಲಿಗೆ ಒಂದು ಬೊಟ್ಟು, ಎರಡನೆಯದಕ್ಕೆ ಎರಡು, ಹೀಗೆ ಏಳರವರೆಗೆ, ನಾನು ಹೇಳಿದಂತೆ ತಳದಲ್ಲೇ. ಆಮೇಲೆ ನಾನು ಹೇಳಿದಂತೆಯೇ ಬಾನಿಯ ನೀರಿನಲ್ಲಿ ನಿಲ್ಲಿಸಿದಳು. ಬೆಳಿಗ್ಗೆ ನೋಡಿದರೆ ನೀರು ಕೆಂಪಗಾಗಿ, ಬಾಟಲಿಗಳ ತಳ ಬೋಳು.

"ನಿಮ್ಮ ಕೋಪ ನಂಗೆ ಗೊತ್ತಿಲ್ವಾ? ಹೇಳೋಕೆ ಧೈರ್ಯ ಬರ್ಲಿಲ್ಲ. ನಿಮ್ಗೆ ಲೋಟ ಕೊಟ್ಟು ಬಂದು, ಉಳಿದಿದ್ದನ್ನ ನಾನೇ ಮೂಸಿ, ಒಂದು ಗುಟುಕು ಕುಡಿದು, ನೀವು ಬರೆದಿರೋದ್ರಲ್ಲಿ ಹುಡುಕ್ತಿದ್ದೆ. ಮೊದಲ್ನೇ ದಿನ ವಾಂತಿ ಬರೋ ಹಾಗಾಯ್ತು. ಆಮೇಲೆ ಅಭ್ಯಾಸ ಆಯ್ತು. ಯಾವುದು ಯಾವುದು ಅಂತ ಗೊತ್ತಾಗ್ತಿತ್ತು."

"ಮತ್ತೆ ಆರನೇದು?"

"ಅದು ಹುರಿದ ರಾಗಿ ವಾಸ್ನೆ ರೀ. ರಾಗಿ, ಅದ್ರ ಜೊತೆ ಹಿಂದಿನ ದಿನದ ಫಿಲ್ಟರ್‌ನಲ್ಲಿ ಉಳಿದ ಗಷ್ಟು. ನೀವು ಆರೂವರೆ ಕೊಟ್ಟಿದ್ದು. ಕಪ್ಪಂತೂ ಹೌದು, ನೀವು ಹೇಳಿದ್ದಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಲ್ಲ ಅಂದಿದ್ರೆ ನೀವು ರೈಲು ಹಳಿ ಕಡೆ ಹೋಗ್ತಿದ್ರಿ. ನಾನು ಹೇಗೆ ರೀ ಅಲ್ಲ ಅನ್ಲಿ?"

ಕೋಪ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಹೊಟ್ಟೆಯ ಮೇಲೆ ನೀನೇ ಹೊಡೆದೆ, ಇಷ್ಟು ವರ್ಷದ ಹೆಸರನ್ನು ಮಣ್ಣುಪಾಲು ಮಾಡಿದೆ ಎಂದು ಕಿರುಚಿದೆ. ಅವಳು ಮಂಚದ ಕೆಳಗಿನಿಂದ ಏಳನೆಯ ಬಾಟಲಿ ತಂದು ನನ್ನ ಮುಂದಿಟ್ಟಳು, ಪಕ್ಕದಲ್ಲಿ ನೋಟ್‌ಬುಕ್ಕು. ಮೊದಲನೆಯ ಸಲ ನನ್ನ ಎದುರಿನಲ್ಲಿ ಲೋಟಕ್ಕೆ ಬಗ್ಗಿಸಿ, ಮೂಗಿಟ್ಟಳು. ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿತ್ತು. ನಾನು ಇಪ್ಪತ್ತು ವರ್ಷ ಮಾಡಿದ್ದನ್ನು ನೋಡಿ ಕಲಿತವಳ ಹಾಗೆ ಬಾಯಲ್ಲಿ ಆಡಿಸಿದಳು.

"ಆಲೆಮನೆ ಹತ್ರ ನಿಂತ ಹಾಗಿದೆ. ಬೆಲ್ಲ ತಳ ಹಿಡಿದಿದೆ," ಅಂದಳು. "ಒಣದ್ರಾಕ್ಷಿ, ತುಂಬಾ ದಿನ ಡಬ್ಬಿಲಿಟ್ಟಿದ್ದು. ನೀವು ಕಿತ್ತಳೆ ಅಂತ ಬರೆದಿದೀರಿ, ಕಿತ್ತಳೆ ಅಲ್ಲ ರೀ ಇದು. ಹೇರಳೆಕಾಯಿ ಸಿಪ್ಪೆ."

ಹೇರಳೆಕಾಯಿ. ಮೊದಲ ಬಾಟಲಿ ಕುಡಿದ ದಿನ ಆ ಒಂದು ವಾಸನೆಗೆ ಹೆಸರು ಹುಡುಕಿ ಅರ್ಧ ಗಂಟೆ ಒದ್ದಾಡಿ, ಕೊನೆಗೆ ಸೋತು ಕಿತ್ತಳೆ ಎಂದು ಬರೆದದ್ದು ನೆನಪಾಯಿತು. ಅವಳು ಹೇಳಿದ್ದೇ ಸರಿ. ಎಂಟರ ಬಾಟಲಿ ಇದು. ಹಾಗಾದರೆ ಆರನೆಯದು ಅದಾಗಿರಲು ಸಾಧ್ಯವಿಲ್ಲ. ಅವತ್ತು ನನಗೆ ಬಂದದ್ದು ವಾಸನೆಯಲ್ಲ, ನಾನೇ ಬರೆದ ಅಕ್ಷರಗಳು.

ನನ್ನ ಕೋಪವೆಲ್ಲ ಇಳಿದುಹೋಯಿತು. ಆರು ಭಾನುವಾರ ನಾನು ಹಜಾರದಲ್ಲಿ ಕೂತು ಮೂಗಿಗಾಗಿ ದೇವರನ್ನು ಬೇಡುತ್ತಿದ್ದಾಗ, ಗೋಡೆಯ ಆಚೆ ಅಡುಗೆಮನೆಯಲ್ಲಿ ಅಂಥ ಮೂಗೊಂದು ನಿಂತು ಎಲ್ಲವನ್ನೂ ಸರಿಯಾಗಿ ಹೇಳುತ್ತಿತ್ತು. ನಾನು ಒಂದು ದಿನವೂ ಕಾಫಿ ಸ್ಯಾಂಪಲ್ಲಿನ ಪೊಟ್ಟಣ ಮನೆಗೆ ತಂದು, ಇದನ್ನು ಸ್ವಲ್ಪ ಮೂಸಿ ನೋಡು ಎಂದು ಕೇಳಿದವನಲ್ಲ. ಕೇಳಿದ್ದರೆ ಆ ಮುಗ್ಗಲು ಅವಳಿಗೆ ಮಾರು ದೂರದಿಂದ ತಿಳಿಯುತ್ತಿತ್ತು. ಅವಳು ಹೇಳುತ್ತಿದ್ದಳೋ ಇಲ್ಲವೋ ಎಂಬುದು ಬೇರೆ ಮಾತು, ಹಾಗೆ ಹೆದರಿಸಿಟ್ಟವನು ನಾನೇ.

"ಎಷ್ಟು ಕೊಡ್ತೀಯ?" ಎಂದೆ.

"ಹತ್ತಕ್ಕಾ? ಎರಡು." ಲೋಟ ದೂರ ಸರಿಸಿದಳು. "ಇದಕ್ಕೆ ಇಷ್ಟು ಒದ್ದಾಡಿದ್ರಾ?"

ನನ್ನ ಎಂಟರ ಕೆಳಗೆ ಅವಳ ಕೈಯಲ್ಲೇ ಆ ಎರಡನ್ನು ಬರೆಸಿದೆ. ಮರುದಿನ ಯಜಮಾನರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲೇ ಹೇಳಿದ್ದರೆ ಬೇರೆ ಕೆಲಸಕ್ಕೆ ಹಾಕುತ್ತಿದ್ದೆನಲ್ಲ ಸಾರ್ ಎಂದರು ಅವರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಕೆಲಸ ಬಿಟ್ಟೆ. ಮೂಗು ಆಮೇಲೂ ಬರಲಿಲ್ಲ.

ಮನೆಯಲ್ಲಿ ಕೂತ ಮೊದಲ ತಿಂಗಳು. ಲಾರಿ ಬಂದ ದಿನ ಅವಳು ಬಟ್ಟೆ ನೆನೆಸುತ್ತಿದ್ದಳು. ನೀರು ಉಳಿಸಲು ಪ್ರತಿ ಬಟ್ಟೆಯನ್ನೂ ಮೂಸಿ, ಇನ್ನೊಂದು ದಿನ ತಡೆಯುತ್ತದೆ ಎನಿಸಿದರೆ ಪಕ್ಕಕ್ಕಿಡುತ್ತಿದ್ದಳು. ನನ್ನ ಅಂಗಿ ಮೂಗಿಗೆ ಹಿಡಿದವಳು ಹಾಗೇ ನಿಂತಳು. ಮತ್ತೊಮ್ಮೆ ಮೂಸಿದಳು.

"ಏನು ವಾಸ್ನೆ ಬರ್ತಾ ಇದೆ?" ಎಂದೆ.

"ಏನಿಲ್ಲ ರೀ. ಬರೀ ಬೆವರು."

ಮದುವೆಯಾದಾಗಿನಿಂದ ನನ್ನ ಅಂಗಿಗಳೆಲ್ಲ ಕಾಫಿಯ ವಾಸನೆ ಹೊಡೆಯುತ್ತಿದ್ದವಂತೆ, ಎಷ್ಟು ಒಗೆದರೂ ಹೋಗುತ್ತಿರಲಿಲ್ಲವಂತೆ, ಈಗ ಅದಿಲ್ಲವಂತೆ. ಮೂಗಿದ್ದಷ್ಟು ದಿನವೂ ನನಗೆ ಅದು ಗೊತ್ತಾಗಿರಲಿಲ್ಲ. ಅವಳು ಆ ಅಂಗಿಯನ್ನು ಬಕೆಟ್ಟಿಗೆ ಹಾಕದೆ, ಮಡಿಸಿ ಪಕ್ಕದಲ್ಲಿಟ್ಟಳು.